ವಲ್ಲಿಯ ಕೆಳಗೆ ಇಪ್ಪತ್ನಾಲ್ಕು ಗುಂಜಿ

ದನದ ಸಂತೆಯಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ವಸ್ತ್ರಕ್ಕೆ ನಮ್ಮ ಕಡೆ ವಲ್ಲಿ ಅನ್ನುತ್ತಾರೆ. ಅದನ್ನು ಇಬ್ಬರ ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಹಸ್ತ ಹಿಡಿದರೆ ಐದು. ಅದು ಬಿಡಿಯೋ ಹತ್ತೋ ನೂರೋ ಎಂಬುದು ಆ ಇಬ್ಬರಿಗೆ ಗೊತ್ತಿರುತ್ತದೆ. ಸುತ್ತ ನಿಂತವರಿಗೆ ವಲ್ಲಿ ಅಲ್ಲಾಡುವುದಷ್ಟೇ ಕಾಣುತ್ತದೆ. ಮೂಡಲಗಿಯ ಸಂತೆಯಲ್ಲಿ ನನಗೆ ಈ ವಿದ್ಯೆ ಕಲಿಸಿದವರು ಕಾಕಾ. ರಕ್ತಸಂಬಂಧದ ಕಾಕಾ ಅಲ್ಲ, ಇಡೀ ಸಂತೆಗೇ ಕಾಕಾ. ನನಗೆ ಹಿಂದೆಮುಂದೆ ಯಾರೂ ಇರಲಿಲ್ಲ. ಹದಿನೆಂಟು ವರ್ಷ ಅವರ ಎಡಗಡೆ ನಿಂತು ದಲಾಲಿ ಮಾಡಿದೆ. ಅವರ ಜೊತೆ ಉಂಡೆ, ಅವರ ಜೊತೆ ಜಗಳಾಡಿದೆ. ನನಗೆ ಮನೆ ಅಂತ ಒಂದಿದ್ದರೆ ಅದು ಆ ಮನುಷ್ಯನೇ.

ಕಾಕಾ ಅಫೂ ತಿನ್ನುತ್ತಿದ್ದರು. ಅಫೂ ಅಂದರೆ ಅಫೀಮು. ಇದೇನೂ ಗುಟ್ಟಿನ ಸಂಗತಿಯಲ್ಲ. ಮುಂಬೈ ಸರ್ಕಾರದ ಕಾಲದಲ್ಲೇ ಅವರಿಗೆ ಕಾರ್ಡಾಗಿತ್ತು. ಗೋಕಾಕದ ಪರವಾನಗಿ ಅಂಗಡಿಯಲ್ಲಿ ಅದನ್ನು ತೋರಿಸಿದರೆ ತಿಂಗಳ ಮಾಲು ತೂಗಿ ಕೊಡುತ್ತಿದ್ದರು. ಕರ್ನಾಟಕ ಒಂದಾಗಿ ಎರಡು ವರ್ಷ ಕಳೆದಿತ್ತು. ಆ ದಸರೆಯ ನಂತರ ಮಾಲು ತರಲು ಹೋದಾಗ ಅಂಗಡಿಯವನು ಕಾರ್ಡನ್ನು ತಿರುಗಿಸಿ ನೋಡಿ ಹೇಳಿದ, "ಯುಗಾದಿ ತನಕ ಅಷ್ಟ ನೋಡ್ರಿ ಕಾಕಾ. ಆಮ್ಯಾಲ ಅಂಗಡಿ ಬಂದ್. ಕಾರ್ಡೂ ಇಲ್ಲ, ಮಾಲೂ ಇಲ್ಲ."

"ಹಂಗಾದ್ರ ನಾನೂ ಬಂದ್ ಅನ್ನು" ಎಂದು ಕಾಕಾ ನಕ್ಕರು. ನನಗೆ ನಗು ಬರಲಿಲ್ಲ. ಹುಕ್ಕೇರಿ ಕಡೆಯ ಒಬ್ಬ ಎತ್ತಿನ ವ್ಯಾಪಾರಿಗೆ ಹಿಂದಿನ ಬೇಸಿಗೆಯಲ್ಲಿ ಕಾರ್ಡು ರದ್ದಾಗಿತ್ತು. ಹತ್ತು ದಿನ ಏನೂ ಸಿಗದೆ ಒದ್ದಾಡಿದ. ಕೊನೆಗೆ ಸಂಕೇಶ್ವರದ ರಸ್ತೆಯಲ್ಲಿ ಯಾವನೋ ಲಾರಿಯವನಿಂದ ಕಳ್ಳಮಾಲು ಕೊಂಡು, ಮೊದಲಿನ ಅಳತೆಯಲ್ಲೇ ಒಮ್ಮೆಲೆ ತಿಂದ. ಎದ್ದೇಳಲಿಲ್ಲ. ಅವನ ಎತ್ತುಗಳನ್ನು ಮಾರಿಕೊಟ್ಟವನು ನಾನು. ಆ ಎತ್ತುಗಳ ಕೊರಳ ಹಗ್ಗ ಹಿಡಿದು ನಿಂತಾಗ ಏನನ್ನಿಸಿತ್ತೋ, ಅದೇ ಆ ದಿನ ಗೋಕಾಕದ ಅಂಗಡಿಯ ಮುಂದೆಯೂ ಅನ್ನಿಸಿತು. ಯುಗಾದಿಯ ಒಳಗೆ ಕಾಕಾನನ್ನು ಇದರಿಂದ ಬಿಡಿಸಬೇಕು, ಇಲ್ಲದಿದ್ದರೆ ಕಾಕಾ ಉಳಿಯುವುದಿಲ್ಲ.

ಇದ್ದ ದಾರಿಗಳು ಮೂರು. ಮಠಕ್ಕೆ ಹೋಗಿ ಲಿಂಗ ಮುಟ್ಟಿ ಆಣೆ ಮಾಡುವುದು ಒಂದು. ಅದನ್ನು ಕಾಕಾ ಒಮ್ಮೆ ಮಾಡಿ ಐದನೇ ದಿನಕ್ಕೆ ಮುರಿದಿದ್ದರು, ಆಮೇಲೆ ಮಠದ ಓಣಿಯಲ್ಲೇ ಹಾಯುತ್ತಿರಲಿಲ್ಲ. ಎರಡನೆಯದು ದೊಡ್ಡ ಊರಿನ ದವಾಖಾನೆ ಸೇರುವುದು. "ಹುಚ್ಚರ ಬಾಜೂ ಖಾಟಾದ ಮ್ಯಾಲ ಮಲಗಸ್ತಾರ. ಸಂತ್ಯಾಗ ಮಂದಿ ಏನಂದಾರು?" ಎಂದು ಕೈ ಆಡಿಸಿಬಿಟ್ಟರು. ಮೂರನೆಯದು ಗೋಕಾಕದ ಒಬ್ಬ ಡಾಕ್ಟರು. ಸಂತೆಯ ದಿನ ಮೂಡಲಗಿಗೂ ಬಂದು ಕೂರುತ್ತಿದ್ದ ವಯಸ್ಸಾದ ಮನುಷ್ಯ. ಮಾತು ಕಡಿಮೆ, ಕೇಳುವುದು ಹೆಚ್ಚು. ಕಾಕಾ ಅವರ ಹತ್ತಿರ ಬರಲು ಒಪ್ಪಿದರು.

"ದಿನಕ್ಕ ಎಷ್ಟ ತಗೋತೀರಿ?" ಎಂದು ಡಾಕ್ಟರು ಕೇಳಿದರು.

ಕಾಕಾನ ಕೈ ತಾನಾಗಿಯೇ ವಲ್ಲಿಯ ಕಡೆ ಹೋಯಿತು. ನಾನು ನನ್ನ ಕೈ ಕೊಟ್ಟೆ. ಅವರು ಮೊದಲು ಎರಡು ಬೆರಳು, ಆಮೇಲೆ ನಾಲ್ಕು ಹಿಡಿದರು. "ಇಪ್ಪತ್ನಾಕ ಗುಂಜಿ ಅಂತಾರ್ರಿ" ಎಂದು ನಾನು ಹೇಳಿದೆ. ಗುಂಜಿ ಅಂದರೆ ಅಕ್ಕಸಾಲಿಗನ ತೂಕ, ಒಂದು ಗುಲಗಂಜಿ ಬೀಜದಷ್ಟು. ಕಾರ್ಡಿನಲ್ಲೂ ಅಷ್ಟೇ ಬರೆದಿತ್ತು. ಡಾಕ್ಟರು ಆ ವಲ್ಲಿಯನ್ನೊಮ್ಮೆ ನೋಡಿದರು.

ಅವರು ಹೇಳಿದ ಕ್ರಮ ಹೀಗಿತ್ತು. ಒಮ್ಮೆಲೆ ನಿಲ್ಲಿಸಬಾರದು, ಈ ವಯಸ್ಸಿನ ದೇಹ ತಡೆಯುವುದಿಲ್ಲ. ನಾಲ್ಕು ದಿನಕ್ಕೆ ಒಂದು ಗುಂಜಿ ಇಳಿಸಬೇಕು. ಇಳಿಸಿದಾಗ ಆಕಳಿಕೆ ಬರುತ್ತದೆ, ಕಣ್ಣು ಮೂಗು ಸುರಿಯುತ್ತವೆ, ಕಾಲು ಸೆಳೆಯುತ್ತವೆ, ಹೊಟ್ಟೆ ಹರಿಯುತ್ತದೆ, ನಿದ್ದೆ ಹೋಗುತ್ತದೆ. ಗಂಜಿ, ಮಜ್ಜಿಗೆ, ಉಪ್ಪುಸಕ್ಕರೆ ನೀರು ಕೊಡುತ್ತಲೇ ಇರಬೇಕು. ಮೈ ಬೆಚ್ಚಗಿಡಬೇಕು. ಒಂಟಿಯಾಗಿ ಬಿಡಬಾರದು. "ಮತ್ತ ಒಂದ ಮಾತ. ಬೈಬ್ಯಾಡ್ರಿ. ಬೈಸಿಕೊಂಡಾವ ಮುಚ್ಚಿ ಇಡಾಕ ಕಲೀತಾನ" ಎಂದರು.

ಮೂಡಲಗಿಯ ಹತ್ತಿರದ ಮಸಗುಪ್ಪಿಯಲ್ಲಿ ಕಾಕಾನ ಹೊಲವಿತ್ತು, ಹೊಲದಲ್ಲೇ ಮನೆ. ಮಕ್ಕಳಿರಲಿಲ್ಲ, ಜೊತೆಗೆ ಹೆಂಡತಿ ಕಾಕೂ ಒಬ್ಬರೇ. ನಾನು ಮೂಡಲಗಿಯ ನನ್ನ ಖೋಲಿಗೆ ಬೀಗ ಹಾಕಿ ಅವರ ದನದ ಕೊಟ್ಟಿಗೆಯ ಪಡಸಾಲೆಗೆ ಹಾಸಿಗೆ ತಂದೆ. ಕಾಕಾಗೆ ಸೊಂಟ ಹಿಡಿದಿದೆ ಎಂದು ಸಂತೆಯಲ್ಲಿ ಹೇಳಿದೆ. ಅಕ್ಕಸಾಲಿಗರ ಹತ್ತಿರ ಸಣ್ಣ ತಕ್ಕಡಿಯನ್ನೂ ಒಂದು ಹಿಡಿ ಗುಲಗಂಜಿಯನ್ನೂ ಕೇಳಿ ತಂದೆ. ಅಫೂ ಇದ್ದ ಹಿತ್ತಾಳೆ ಡಬ್ಬಿಗೆ ಕೀಲಿ ಹಾಕಿ, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ.

ಮೊದಲನೆಯ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕುಳಿತು ಕಾಕಾ ಅಂದರು, "ಲೇ ತಮ್ಮಾ, ಅಡಗಿಮನ್ಯಾಗ ನಿನ್ನ ಕಾಕೂ ಅದಾಳ. ಆಕಿ ಮುಂದ ಇದರ ಸುದ್ದಿ ಬ್ಯಾಡ. ಕೈ ಕೊಡು, ವ್ಯಾಪಾರದಾಗ ಮುಗಿಸೂಣು."

ನನಗೂ ಅದು ಸರಿಯೆನಿಸಿತು. ನಮಗೆ ಗೊತ್ತಿದ್ದ ಭಾಷೆ ಅದೊಂದೇ. ವಲ್ಲಿ ಹೊದಿಸಿದೆವು. ಅವರು ಇಪ್ಪತ್ತಾರು ಹಿಡಿದರು. ನಾನು ಇಪ್ಪತ್ತು ಹಿಡಿದೆ.

"ಅಬಾಬಾ, ಮೊದಲನೇ ದಿನಾನ ಹಲ್ಲ ಎಣಸಾಕತ್ತಿ!"

"ಮುದಿ ಎತ್ತಿಗೆ ಹಲ್ಲ ಎಣಸಲಾರದ ಹೆಂಗ್ ಬಿಡೂದ್ರಿ ಕಾಕಾ?"

ಎಳೆದಾಡಿ ಇಪ್ಪತ್ಮೂರಕ್ಕೆ ಮುಗಿಯಿತು. ಅರ್ಧ ಬೆಳಿಗ್ಗೆ, ಅರ್ಧ ಇಳಿಹೊತ್ತಿಗೆ. ನಾಲ್ಕು ದಿನಕ್ಕೊಮ್ಮೆ ಹೊಸ ವ್ಯಾಪಾರ. ಅವರು ಕೋಪ ಮಾಡಿಕೊಳ್ಳುವರು, ವಲ್ಲಿ ಕೊಡವಿ ಏಳುವರು, ನಾನು ಕರೆದು ಕೂರಿಸುವೆ, ಕೊನೆಗೆ ಒಂದು ಗುಂಜಿ ಇಳಿಯುವುದು. ತಿಂಗಳಾಗುವಷ್ಟರಲ್ಲಿ ಹದಿನಾರಕ್ಕೆ ತಂದಿದ್ದೆ. ಕಾಕಾ ಉಂಡುಕೊಂಡು ಗಟ್ಟಿಯಾಗಿದ್ದರು. ಸಂತೆಗೆ ಒಬ್ಬನೇ ಹೋಗಿ ಒಬ್ಬನೇ ಬರುವುದು ನನಗೆ ಬೇಸರವಾಗುತ್ತಿತ್ತು. ಎಡಗಡೆ ನಿಂತು ರೂಢಿಯಾದವನಿಗೆ ನಡುವೆ ನಿಲ್ಲುವುದು ಬರುವುದಿಲ್ಲ. ಆದರೂ ಒಳಗೊಳಗೇ ಹೆಮ್ಮೆ. ಗುರುವಿನ ಜೊತೆಯೇ ಚೌಕಾಸಿ ಮಾಡಿ ಗೆಲ್ಲುತ್ತಿದ್ದೇನೆ ಎಂಬ ಹೆಮ್ಮೆ.

ಗೋಕಾಕಕ್ಕೆ ಹೋಗಿ ಅದನ್ನೇ ಡಾಕ್ಟರ ಮುಂದೆ ಕೊಚ್ಚಿಕೊಂಡೆ. ಅವರು ಕನ್ನಡಕ ತೆಗೆದಿಟ್ಟು ಕೇಳಿದರು, "ಆಕಳಿಕಿ?"

"ಇಲ್ರಿ."

"ಒಂದ ಸೀನು?"

"ಅದೂ ಇಲ್ರಿ."

"ಎಂಟ ಗುಂಜಿ ಇಳದೈತಿ, ಒಂದ ಸೀನ ಇಲ್ಲ?" ಅವರು ಕನ್ನಡಕ ಮತ್ತೆ ಏರಿಸಿಕೊಂಡು, "ಹಂಗಾದ್ರ ನೀವು ಅವರ ಅಫೂ ಕಡಿಮಿ ಮಾಡಿಲ್ಲ ಬಿಡ್ರಿ. ಅವರು ಹೇಳಿದ ಲೆಕ್ಕಾ ಕಡಿಮಿ ಮಾಡೀರಿ" ಎಂದರು.

ನನಗೆ ಅರ್ಥವಾಗಲು ಎರಡನೇ ಮಾತು ಬೇಕಾಗಲಿಲ್ಲ. ಕಾಕಾ ದಲಾಲರು. ಮೊದಲ ಬಾರಿಗೆ ನಿಜ ಬೆಲೆ ಹೇಳುವ ದಲಾಲ ಈ ಭೂಮಿಯ ಮೇಲೆ ಹುಟ್ಟಿಲ್ಲ. ಕಾರ್ಡು ಮಾಡಿಸುವಾಗಲೂ ಏರಿಸಿ ಹೇಳಿದ್ದರು, ಡಾಕ್ಟರ ಮುಂದೆಯೂ ಏರಿಸಿ ಹೇಳಿದರು. ಹದಿನಾರಕ್ಕಿಂತ ಹೆಚ್ಚು ತಿನ್ನುತ್ತಲೇ ಇರಲಿಲ್ಲ. ಮೇಲಿನದನ್ನು ದಿನವೂ ಎತ್ತಿಡುತ್ತಿದ್ದರು. ನಾನು ಹೆಮ್ಮೆಯಿಂದ ಇಳಿಸಿದ್ದೆಲ್ಲ ಬರೀ ಗಾಳಿ.

ಬಸ್ಸಿಳಿದು ಹೊಲದ ದಾರಿಯಲ್ಲಿ ಬರುತ್ತಿದ್ದೆ. ಕೊಟ್ಟಿಗೆಯ ಮುಂದೆ ಹಳೆಯ ಎತ್ತು ನೊಣ ಓಡಿಸಲು ತಲೆ ಕೊಡವಿತು. ಕೊರಳ ಗಂಟೆ ಠಣ್ ಅನ್ನಲಿಲ್ಲ, ಥಪ್ ಅಂದಿತು. ದನದ ಕೊರಳ ಸದ್ದು ಕೇಳಿಯೇ ಬದುಕಿದವನು ನಾನು. ಗಂಟೆ ಬಿಚ್ಚಿ ತಲೆಕೆಳಗು ಮಾಡಿದೆ. ಒಳಗೆ ಎಲೆ ಸುತ್ತಿದ ಕರಿ ಉಂಡೆ. ತೂಗಿದರೆ ಒಂದು ತೊಲಕ್ಕೂ ಮಿಕ್ಕಿ, ನೂರು ಗುಂಜಿಯ ಮೇಲೆ.

ಕಾಕಾ ಮಂಚದ ಮೇಲೆ ಕುಳಿತು ನೋಡುತ್ತಿದ್ದರು. ನಾಚಿಕೆಪಡುವರು ಅಂದುಕೊಂಡಿದ್ದೆ. "ಹೇಳಿದ ಬೆಲಿಗೆ ಎತ್ತ ಹೊಡಕೊಂಡ ಹೋಗೂ ಗಿರಾಕಿ ನೀ ಒಬ್ಬನ ನೋಡು. ನಾ ತಿನ್ನೂದು ಹದಿನಾರ" ಎಂದು ನಕ್ಕರು.

ಇಲ್ಲಿ ನಾನು ಎರಡನೆಯ ತಪ್ಪು ಮಾಡಿದೆ, ಅದು ಮೊದಲನೆಯದಕ್ಕಿಂತ ದೊಡ್ಡದು. ಒಮ್ಮೆ ಸುಳ್ಳು ಬೆಲೆ ಹೇಳಿ ಸಿಕ್ಕಿಬಿದ್ದವನ ಎರಡನೆಯ ಬೆಲೆಯೂ ಸುಳ್ಳೇ ಎಂಬುದು ಸಂತೆಯ ಲೆಕ್ಕ. ಹದಿನಾರೂ ಬೊಗಳೆ, ಒಳಬೆಲೆ ಹತ್ತರ ಮೇಲಿರಲಾರದು ಎಂದು ನಾನೇ ತೀರ್ಮಾನಿಸಿದೆ. ವಲ್ಲಿಯ ಕೆಳಗೆ ಎರಡು ಸಲ ಹಸ್ತ ಹಿಡಿದು, "ಇದ ಕೊನೀದು" ಎಂದು ಎದ್ದುಬಂದೆ. ಡಾಕ್ಟರನ್ನು ಕೇಳಲಿಲ್ಲ.

ಆ ಸಂಜೆಯೇ ಆಕಳಿಕೆ ಶುರುವಾಯಿತು. ಮರುದಿನ ಕಣ್ಣು ಮೂಗಿನಿಂದ ನೀರು ನಿಲ್ಲಲಿಲ್ಲ. ಪುಕ್ಕ ಕಿತ್ತ ಕೋಳಿಯ ಚರ್ಮದ ಹಾಗೆ ಮೈ ನವಿರೆದ್ದು ನಿಂತಿತು. ಕಾಲುಗಳು ಅವರ ಮಾತು ಕೇಳದೆ ಮಂಚದ ಪಟ್ಟಿಯನ್ನು ಒದೆಯುತ್ತಿದ್ದವು. ಕುಡಿಸಿದ ಗಂಜಿ ಹೊರಗೆ ಬಂತು, ಮಜ್ಜಿಗೆಯೂ ಬಂತು. ಮೂರನೆಯ ದಿನ ಮಧ್ಯಾಹ್ನ ನಾಡಿ ಹಿಡಿದರೆ ಬೆರಳಿಗೆ ಸಿಗದಷ್ಟು ಸಣ್ಣಗಾಗಿತ್ತು. ಆದರೂ ನಾನು ಡಬ್ಬಿ ತೆಗೆಯಲಿಲ್ಲ. ಈಗ ತೆಗೆದರೆ ಸೋತಂತೆ ಎಂದು ಕೂತಿದ್ದೆ.

ಆಗ ಕಾಕೂ ಬಾಗಿಲಲ್ಲಿ ಬಂದು ನಿಂತರು. ಆ ಮನೆಯಲ್ಲಿ ನನಗೆ ಅವರು ಎಂದೂ ಎತ್ತರದ ದನಿಯಲ್ಲಿ ಮಾತಾಡಿದವರಲ್ಲ. ಆಗಲೂ ಎತ್ತರಿಸಲಿಲ್ಲ.

"ತಿಂಗಳ ಮ್ಯಾಲಾತು, ವಲ್ಲಿ ಹೊಚ್ಚಿಕೊಂಡು ಕೈ ಹಿಡಕೊಂಡ ಕುಂದ್ರತೀರಿ. ಏನ ಮಾರಾಕತ್ತೀರಪಾ ಇಬ್ಬರೂ? ನನ್ನ ಮನಿಯವರನ್ನೇನು?"

ಅಂದು ಸಂತೆಯ ದಿನವಾಗಿತ್ತು. ನಾನು ಹೋಗಿರಲಿಲ್ಲ, ಆದರೆ ಡಾಕ್ಟರು ಮೂಡಲಗಿಯಲ್ಲಿದ್ದರು. ಸೈಕಲ್ಲು ತುಳಿದು ಹೋಗಿ, ಒಬ್ಬ ಪರಿಚಯದವನ ಚಕ್ಕಡಿ ಹೂಡಿಸಿ ಅವರನ್ನು ಕರೆತಂದೆ. ಅವರು ಕಾಕಾನ ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ಹೊಟ್ಟೆ ಒತ್ತಿದರು, ನನ್ನ ಕಡೆ ತಿರುಗಿದರು. "ಹದಿನಾರ ಖರೆ ಇತ್ರಿ. ಮೊದಲ ಡಬ್ಬಿ ತಗೀರಿ. ಈಗ ಅರ್ಧಾ, ಸಂಜಿಕೆ ಅರ್ಧಾ. ಹಿಂದಕ್ಕ ಹೋಗೂದು ಸೋಲಲ್ಲ, ತಿಳೀತೇನು? ಹೆಣಾ ಗೆದ್ದು ಏನ ಮಾಡವ್ರು ನೀವು?"

ಎರಡು ದಿನಕ್ಕೆ ಕಾಕಾ ಎದ್ದು ಕುಳಿತರು. ನಾನು ಆ ಎರಡು ದಿನ ಕೊಟ್ಟಿಗೆಯಲ್ಲಿ ಕುಳಿತು ಯೋಚಿಸಿದೆ. ಇಂಥ ಕೆಲಸಕ್ಕೆ ಕೈ ಹಾಕುವವರು ನನ್ನಿಂದ ಕಲಿಯುವುದಿದ್ದರೆ ಇದನ್ನು ಕಲಿಯಬೇಕು. ಚೌಕಾಸಿಯಲ್ಲಿ ಎರಡೂ ಕಡೆಯವರು ಏನನ್ನಾದರೂ ಮುಚ್ಚಿಟ್ಟಿರುತ್ತಾರೆ, ಮುಚ್ಚಿಡದೆ ಅದು ನಡೆಯುವುದೇ ಇಲ್ಲ. ಅಫೂ ಬದುಕುವುದೂ ಮುಚ್ಚಿಟ್ಟ ಜಾಗದಲ್ಲೇ. ನಾನು ಬಿಡಿಸಲು ಬಂದವನು, ಅದಕ್ಕೆ ಹೊದಿಕೆ ಹಿಡಿದು ಕುಳಿತಿದ್ದೆ.

ಮೂರನೆಯ ಬೆಳಿಗ್ಗೆ ಕೊಟ್ಟಿಗೆಗೆ ಹೋಗಲಿಲ್ಲ. ಅಡುಗೆಮನೆಯಲ್ಲಿ ಕಾಕೂ ರೊಟ್ಟಿ ಬಡಿಯುತ್ತಿದ್ದರು. ಅವರ ಒಲೆಯ ಎದುರಿಗೇ ಕಾಕಾನನ್ನು ಕೂರಿಸಿದೆ. ಡಬ್ಬಿ, ತಕ್ಕಡಿ, ಗುಲಗಂಜಿ ಎಲ್ಲವನ್ನೂ ಕಾಕಾನ ಮುಂದೆ ಇಟ್ಟೆ. ಕೀಲಿಕೈ ಬಿಚ್ಚಿ ಮೇಲೆ ಇಟ್ಟೆ. ಬಿಡಿಸಲು ಬಂದವನು ತಿನ್ನುವವನ ಕೈಗೇ ಡಬ್ಬಿ ಕೊಡುವುದೆಂದರೆ ಹುಚ್ಚುತನ ಎಂದು ನನಗೂ ಅನ್ನಿಸುತ್ತಿತ್ತು.

"ಇನ್ನ ಮ್ಯಾಲ ನೀವ ತೂಗ್ರಿ ಕಾಕಾ. ಇಳಸವ್ರೂ ನೀವ. ಎಷ್ಟ ಅನ್ನೂದು ಬಾಯಿಲೆ ಹೇಳ್ರಿ. ಕಾಕೂ ಕೇಳಲಿ."

ಅವರ ಕೈ ವಲ್ಲಿ ಹುಡುಕಿತು. ನಾನು ಕೈ ಕೊಡಲಿಲ್ಲ. ಕಾಕೂ ಒಂದು ರೊಟ್ಟಿ ಬೇಯಿಸಿದರು, ಎರಡಾಯಿತು, ಮೂರಾಯಿತು. ಐವತ್ತು ವರ್ಷ ಸಂತೆಯಲ್ಲಿ ಒಂದು ಅಂಕಿಯನ್ನೂ ಉಚ್ಚರಿಸದ ಮನುಷ್ಯ ಹೆಂಡತಿಯ ಬೆನ್ನು ನೋಡುತ್ತ ಕುಳಿತಿದ್ದರು.

"ಹದಿನಾರು" ಎಂದರು.

ಕಾಕೂನ ಕೈ ಹಿಟ್ಟಿನ ಮೇಲೆ ನಿಂತಿತು. "ಹದಿನಾರ? ನಾ ನಾಕೈದ ಇದ್ದೀತು ಅಂದ್ಕೊಂಡಿದ್ನಿ. ಇಷ್ಟ ವರ್ಷಾ..." ಹೆಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಅದನ್ನು ತೆಗೆದು ಬದಿಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, "ನಾಳೇನೂ ಹೇಳ್ರಿ" ಎಂದರು.

ಮರುದಿನವೂ ಹೇಳಿದರು. ನಾಲ್ಕು ದಿನದ ನಂತರ ಹದಿನೈದು. ಈಗ ಸೀನು ಬರುತ್ತಿತ್ತು, ಆಕಳಿಕೆ ಬರುತ್ತಿತ್ತು. ಅವನ್ನು ಕೇಳಿ ನನಗೆ ಸಮಾಧಾನ. ಗಂಟೆಯಲ್ಲಿದ್ದ ಉಂಡೆಯನ್ನೂ ಡಬ್ಬಿಗೇ ಸೇರಿಸಿ, ಮುಂದಿನ ತಿಂಗಳು ಅಂಗಡಿಯಿಂದ ಅಷ್ಟು ಕಡಿಮೆ ತಂದೆವು. ಚಳಿ ಬಿದ್ದಾಗ ಕಾಲಿನ ಸೆಳೆತ ಹೆಚ್ಚಾಯಿತು. ಕಾಕೂ ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ತಿಕ್ಕುತ್ತಿದ್ದರು, ನಾನು ಒಲೆಯಲ್ಲಿ ಇಟ್ಟಿಗೆ ಕಾಯಿಸಿ ಗೋಣಿಚೀಲ ಸುತ್ತಿ ಕಾಲ ಬುಡಕ್ಕೆ ಇಡುತ್ತಿದ್ದೆ. ಒಂಬತ್ತಕ್ಕೆ ಬಂದು ಗಾಡಿ ಹೂತಿತು, ಹನ್ನೆರಡು ದಿನ ಕದಲಲಿಲ್ಲ. ಒಂದು ಬೆಳಿಗ್ಗೆ ಯಾರೂ ಕೇಳದಿದ್ದರೂ ಕಾಕಾ, "ನಿನ್ನಿ ಇಳಿಹೊತ್ತಿಗೆ ಒಂದ ಹೆಚ್ಚ ತಿಂದೇನಿ. ಹತ್ತಾತು" ಎಂದರು. ಕಾಕೂ, "ಆಗಲಿ, ನಾಳಿ ಒಂಬತ್ತ ಆಗ್ಲಿ" ಎಂದು ರೊಟ್ಟಿ ತಿರುವಿದರು. ಈ ಮನುಷ್ಯ ಉಳಿಯುತ್ತಾನೆ ಎಂದು ನನಗೆ ಗಟ್ಟಿಯಾದದ್ದು ಆ ದಿನ, ಹತ್ತು ಅಂದ ದಿನ.

ಕೊನೆಯ ಐದು ಗುಂಜಿಗಳನ್ನು ಡಾಕ್ಟರು ವಾರಕ್ಕೊಂದರಂತೆ ಇಳಿಸಲು ಹೇಳಿದರು. ಅಷ್ಟರಲ್ಲಿ ಹೊಲದಲ್ಲಿ ಜೋಳ ಹಾಲು ತುಂಬಿತ್ತು. ಕಾಕಾ ಬೆಳಿಗ್ಗೆ ಬದುವಿನ ಮೇಲೆ ಒಂದು ಸುತ್ತು ನಡೆಯುತ್ತಿದ್ದರು. ಕಾಕೂ ಜೊತೆ ಮಾತಾಡುತ್ತಿದ್ದರು, ಹಿಂದೆ ಎಂದೂ ನಾನು ಕೇಳಿರದಷ್ಟು. ನನ್ನ ಜೊತೆ ಮಾತು ಕಡಿಮೆಯಾಯಿತು. ನಾನು ಸಂತೆಯಿಂದ ಬಂದಾಗ ಮುಖ ಆ ಕಡೆ ಮಾಡುತ್ತಿದ್ದರು. ಯಾವ ಜೋಡಿ ಯಾರಿಗೆ ಹೋಯಿತು, ಕುಲಗೋಡದವರು ಏನಂದರು ಎಂದು ನಾನು ಶುರುಮಾಡಿದರೆ ಎದ್ದು ಹಿತ್ತಲಿಗೆ ಹೋಗುವರು. ಹತ್ತು ಗುಂಜಿಯ ಸಿಟ್ಟು ಇನ್ನೂ ಇದೆ ಅಂದುಕೊಂಡೆ. ಕೊಟ್ಟಿಗೆಯ ಪಡಸಾಲೆಯಲ್ಲಿ ಒಬ್ಬನೇ ಉಣ್ಣತೊಡಗಿದೆ. ಒಳಗೆ ಇಬ್ಬರ ದನಿ ಕೇಳುತ್ತಿತ್ತು.

ಡಾಕ್ಟರಿಗೆ ಹೇಳಿದೆ. "ಸಿಟ್ಟಲ್ರಿ ಅದು. ನೀವು ಬಂದಾಗ ಅವರ ಕಣ್ಣ ನೋಡ್ರಿ" ಎಂದರು. ನೋಡಿದೆ. ನನ್ನ ಸೈಕಲ್ಲಿನ ಸಪ್ಪಳ ಅಂಗಳಕ್ಕೆ ಬಂದ ಕೂಡಲೇ ಕಾಕಾಗೆ ಆಕಳಿಕೆ ಬರುತ್ತಿತ್ತು, ಕಣ್ಣು ಒದ್ದೆಯಾಗುತ್ತಿದ್ದವು. ಇಳಿಸದ ದಿನವೂ ಹಾಗೇ.

ಹೋಳಿಗಿಂತ ಮೊದಲು ಒಂದು ಬೆಳಿಗ್ಗೆ ಕಾಕಾ ಡಬ್ಬಿ ತೆಗೆಯಲಿಲ್ಲ. "ಇವತ್ತ ಏನಿಲ್ಲ" ಎಂದರು. ಅದಾದ ಮೇಲೆ ಹದಿನೈದು ದಿನ ಕಾದು ಮೂವರೂ ಗೋಕಾಕಕ್ಕೆ ಹೋಗಿ ಸರ್ಕಾರಿ ಕಚೇರಿಯಲ್ಲಿ ಕಾರ್ಡು ಒಪ್ಪಿಸಿ ಬಂದೆವು. ಅಂಗಡಿ ಇನ್ನೂ ತೆರೆದೇ ಇತ್ತು. ಕಾಕಾ ಅದರ ಮುಂದೆ ನಿಲ್ಲದೆ ದಾಟಿದರು, ಕಾಕೂ ಅವರ ಅಂಗಿಯ ತೋಳು ಹಿಡಿದಿದ್ದರು.

ಮರುದಿನ ನಾನು ಹಾಸಿಗೆ ಸುತ್ತಿ ಸೈಕಲ್ಲಿಗೆ ಕಟ್ಟಿದೆ. ಕಾಕಾ ಹೊಲದ ಕೊನೆಯವರೆಗೆ ಜೊತೆಗೆ ನಡೆದರು. "ಮುಂದಿನ ಸಂತಿಗೆ ಕೂಡಿ ಹೋಗೂಣ್ರಿ. ಕಾಕಾ ಯಾವಾಗ ಬರ್ತಾರ ಅಂತ ಮಂದಿ ಕೇಳಾಕತ್ತಾರ" ಎಂದೆ.

ಅವರು ಜೋಳದ ತೆನೆಯೊಂದನ್ನು ಮುರಿದು ಅಂಗೈಯಲ್ಲಿ ತಿಕ್ಕುತ್ತ ನಿಂತರು. "ಸಂತಿಗೆ ನಾ ಇನ್ನ ಬರಂಗಿಲ್ಲ ತಮ್ಮಾ. ವ್ಯಾಪಾರ ಮುಗದ ಕೂಡಲೆ ಚಾ, ಚಾದ ಜೋಡಿ ಅಫೂ ಗುಳಗಿ. ಕಾಲ ಅಲ್ಲಿಟ್ರ ಮೈ ಕೇಳತೈತಿ." ಹೊಟ್ಟು ಊದಿದರು. "ಮತ್ತ ಇನ್ನೊಂದ ಹೇಳಬೇಕಾಗೈತಿ. ಹೆಂಗ್ ಹೇಳಲಿ... ನಿನ್ನ ಮಾರಿ ಕಂಡ್ರೂ ಕೇಳತೈತಿ. ಹದಿನೆಂಟ ವರ್ಷ ನನ್ನ ಬಾಜೂ ನಿಂತಾಂವ ನೀ. ಕಡೀಕ ತೂಗಿ ಕೊಟ್ಟಾಂವನೂ ನೀನ. ನಿನ್ನ ಸೈಕಲ್ ಬಂತಂದ್ರ ಬಾಯಾಗ ನೀರ ಒಡಿತಾವು. ನಿನ್ನ ತಪ್ಪಲ್ಲಿದು."

"ಹಂಗಾದ್ರ..."

"ಬರಬ್ಯಾಡ ತಮ್ಮಾ."

ನನ್ನ ಬಾಯಿಗೆ ಮಾತು ಬಂದೇ ಬಿಟ್ಟಿತ್ತು. ವಾರಕ್ಕೊಮ್ಮೆ ಎಂದು ಶುರುಮಾಡಬೇಕು. ಅವರು ಬೇಡ ಅನ್ನುತ್ತಾರೆ. ತಿಂಗಳಿಗೊಮ್ಮೆಗೆ ಇಳಿಯಬೇಕು. ಕಡೆಗೆ ಹಬ್ಬಕ್ಕೊಮ್ಮೆ ಎಂದು ನಿಲ್ಲಿಸಬೇಕು. ಅಲ್ಲಿಗೆ ಖಂಡಿತ ಒಪ್ಪುತ್ತಾರೆ. ನನಗೆ ಬರುವ ಕೆಲಸ ಅದೊಂದೇ, ಅದನ್ನು ಕಲಿಸಿದವರು ಎದುರಿಗೇ ನಿಂತಿದ್ದರು. ಅವರು ನನ್ನ ಮುಖ ನೋಡಿ ಅಷ್ಟನ್ನೂ ಓದಿಕೊಂಡರು.

"ಕೇಳಬ್ಯಾಡ" ಎಂದರು. "ನೀ ಕೇಳಿದ್ರ ನಾ ಹೂಂ ಅಂದಬಿಡ್ತೇನಿ."

ಅವರ ಕಣ್ಣು ಆಗಲೇ ಒದ್ದೆಯಾಗಿದ್ದವು, ಆಕಳಿಕೆ ಬರುತ್ತಿತ್ತು. ನಾನು ಸೈಕಲ್ಲು ಹತ್ತಲಿಲ್ಲ, ಅದರ ಸಪ್ಪಳವಾಗದಂತೆ ಎತ್ತಿ ಹೆಗಲ ಮೇಲಿಟ್ಟುಕೊಂಡು ಡಾಂಬರು ರಸ್ತೆಯವರೆಗೂ ನಡೆದೆ.